ನಾಳೆ ಕಚೇರಿ

ಇಪ್ಪತ್ತಾರು ವರ್ಷ ನಾನು ಇಂಗ್ಲಿಷಿನಲ್ಲಿ ಇಲ್ಲ ಅಂದೆ.
ಬಾಯಿಂದಲ್ಲ, ಬೆರಳಿಂದ.
ಮಂಡ್ಯದ ನಾಲೆ ಕಚೇರಿ, ಕಿಟಕಿ ಪಕ್ಕದ ಮೇಜು,
ಎರಡು ಕಾರ್ಬನ್ ಹಾಳೆ, ಮೂರು ಪ್ರತಿ.
(ಹಳ್ಳಿಯವರ ಬಾಯಲ್ಲಿ ಅದು ನಾಳೆ ಕಚೇರಿ.
ನಾಲಿಗೆ ಹೊರಳದೆಯೋ, ಬೇಕೆಂತಲೋ,
ನಾನು ಕೇಳಲಿಲ್ಲ.)

ನೋ ಎಂಬ ಪದ ಸಾಹೇಬರಿಗೆ ಆಗಿಬರದು.
ನೋ ಅನ್ನೋದು ನಾಯಿಗೆ, ಜಲಜಾಕ್ಷಿ,
ಕಾಗದಕ್ಕಲ್ಲ, ಅನ್ನುತ್ತಿದ್ದರು.
ಹಾಗಾಗಿ ನನ್ನ ಮೆಷಿನ್ನಿನಲ್ಲಿ
ಎಲ್ಲಕ್ಕಿಂತ ಮೊದಲು ಸವೆದದ್ದು ಆರ್ ಅಕ್ಷರ:
ರಿಗ್ರೆಟ್, ರೆಫ್ಯೂಸ್, ರಿಜೆಕ್ಟ್,
ರಿಟರ್ನ್ಡ್ ಹಿಯರ್‌ವಿತ್.

ಆಳು ನೋಡಿ ಮಣೆ.
ಕಂಟ್ರಾಕ್ಟರಿಗೆ ಡಿಕ್ಲೈನ್, ಕಾಫಿ ಕುಡಿಸಿ ಕಳಿಸಿದ ಹಾಗೆ.
ಗುಮಾಸ್ತರ ರಜೆಗೆ ರೆಫ್ಯೂಸ್ಡ್, ಒಂದೇ ಪದ, ಕೆಂಪು ಶಾಯಿ.
ದೊಡ್ಡವರ ಚೀಟಿ ಹಿಡಿದು ಬಂದವರಿಗೆ
ಅಂಡರ್ ಕನ್ಸಿಡರೇಶನ್:
ಅದು ನಮ್ಮಜ್ಜಿ ಬಾಗಿಲ ಮೇಲೆ ಸುಣ್ಣದಲ್ಲಿ ಬರೆಸಿದ
ನಾಳೆ ಬಾ.
ದೆವ್ವ ಓದಿಕೊಂಡು ಹಿಂದಿರುಗುತ್ತದೆ,
ಮಾರನೆ ದಿನ ಮತ್ತೆ ಓದಲು ಬರುತ್ತದೆ.

ನನಗೂ ಮೂರು ಸಲ ಬಂದಿತ್ತು, ಕನ್ನಡದಲ್ಲೇ:
ಊರಿಗೆ ಹೋಗಿ ಕಾಗದ ಹಾಕ್ತೀವಿ.
ಮೂರೂ ಸಲ ಅಪ್ಪ ಪೋಸ್ಟ್‌ಮ್ಯಾನನ್ನು ಕಾದರು.
ನಾನು ಕಾಯಲಿಲ್ಲ. ಕಸುಬು ಗೊತ್ತಿತ್ತಲ್ಲ.

ದ್ಯಾವಾಜಮ್ಮ ಬಂದದ್ದು ಜುಲೈ ತಿಂಗಳಲ್ಲಿ.
ಗಂಡ ನೀರುಗಂಟಿ, ತೀರಿಕೊಂಡು ಐದು ತಿಂಗಳು.
ಐದು ತಿಂಗಳೂ ತೂಬು ಎತ್ತಿದವಳು ಇಳಿಸಿದವಳು ಇವಳೇ.
ಆ ಕೆಲಸ ನನಗೇ ಕೊಡಿ ಅಂತ ಹೆಬ್ಬೆಟ್ಟು ಒತ್ತಿದ್ದಳು.
ಜವಾಬು ಎಲೆಅಡಿಕೆ ಚೀಲದಲ್ಲಿತ್ತು,
ನಾನೇ ಹೊಡೆದದ್ದು, ಮಡಿಕೆಯಲ್ಲಿ ಸುಣ್ಣ ಅಂಟಿತ್ತು.

ಏನ್ ಬರದವ್ರೆ, ಓದ್ ಹೇಳವ್ವ.

ನಿಮ್ಮ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿ...
ಅಂಗಂದ್ರೆ?
ಮರುಕ.
ಮರುಕ ಪಟ್ಟವ್ರೆ. ಆಮೇಕೆ?
ವಿಷಾದದಿಂದ ತಿಳಿಸುವುದೇನೆಂದರೆ...
ಅದೇನು?
ಬೇಜಾರು.
ಬೇಜಾರೂ ಪಟ್ಕಂಡವ್ರೆ. ಕೆಲ್ಸ?

ಹನ್ನೊಂದು ಸಾಲು. ಮೇಲಿಂದ ಕೆಳಗೆ ಹುಡುಕಿದೆ.
ನಾನು ಹೊಡೆದ ಕಾಗದದಲ್ಲಿ ನನಗೇ ಅದು ಸಿಗಲಿಲ್ಲ.
ಇಲ್ಲ, ಅಂದೆ, ನೆಲ ನೋಡಿಕೊಂಡು.

ಅಷ್ಟೇಯ!
ಅದುಕ್ಕೆ ಇಷ್ಟುದ್ದ ಯಾಕ್ ಬರುದ್ರು?
ಅಂತ ಜಗುಲಿ ಮೇಲೆ ಕೂತಳು.
ಸೆರಗಿನಡಿಯಿಂದ ತೂಬಿನ ಕಬ್ಬಿಣದ ಹಿಡಿ ತೆಗೆದು
ಮಗುವನ್ನು ಮಲಗಿಸಿದಂತೆ ತೊಡೆ ಮೇಲಿಟ್ಟುಕೊಂಡಳು.
ಇದ್ನ ನಾನೂ ಕೊಡಾಕಿಲ್ಲ. ಓಗಿ ಯೋಳು.

ಕೊಡಾಕಿಲ್ಲ.
ಇದಕ್ಕೆ ಇಂಗ್ಲಿಷಿನಲ್ಲಿ ಏನು ಅಂತ
ಒಳಗೆ ಹೋಗುವ ಹನ್ನೆರಡು ಹೆಜ್ಜೆಯಲ್ಲಿ ಯೋಚಿಸಿದೆ.
ಡಿಕ್ಲೈನ್ ಅಲ್ಲ, ಅದಕ್ಕೆ ಕುರ್ಚಿ ಬೇಕು.
ರೆಫ್ಯೂಸ್ ಹತ್ತಿರ ಬರುತ್ತದೆ,
ಆದರೆ ಅದರ ತೊಡೆ ಮೇಲೆ ಕಬ್ಬಿಣ ಇರುವುದಿಲ್ಲ.

ಸಾಹೇಬರು ಕೇಳಿದರು, ಕನ್ನಡಕ ಒರೆಸಿದರು, ಶುರು ಮಾಡಿದರು:
ಯೂ ಆರ್ ಹಿಯರ್‌ಬೈ ಡೈರೆಕ್ಟೆಡ್ ಟು ಸರೆಂಡರ್...
ತಗೋಮ್ಮ, ಮೂರು ಪ್ರತಿ.

ರಿಬ್ಬನ್ ಮುಗಿದಿದೆ ಸಾರ್.

ಹೊಸದು ಹಾಕಿ ಒಂದು ಗಂಟೆಯೂ ಆಗಿರಲಿಲ್ಲ.
ಹತ್ತೂ ಬೆರಳಿಗೆ ಮಸಿ ಮೆತ್ತಿತ್ತು.
ಬೆರಳು ನೋಡಿದರು. ನನ್ನನ್ನು ನೋಡಿದರು.
ಗೋಡೆ ಮೇಲಿನ ನಾಲೆಯ ನಕ್ಷೆ ನೋಡಿದರು,
ನೀಲಿ ಗೆರೆಗಳು, ಕಡೆಕಡೆಗೆ ಕೂದಲಷ್ಟು ಸಣ್ಣ.

ಹಾಗಾದ್ರೆ ನಾಳೆ ಮಾಡು, ಅಂದರು.

ಮೈಸೂರಿಂದ ರಿಬ್ಬನ್ ಬರಲು ನಾಲ್ಕು ತಿಂಗಳಾಯಿತು.
ಆಮೇಲೆ ಬೇರೆ ಯಾರನ್ನೋ ಹಾಕಿದರು, ಪಾಂಡವಪುರದ ಕಡೆಯವನು,
ಹಿಡಿಯನ್ನೂ ಕೊಡಿಸಿದರು, ಆ ಆರ್ಡರನ್ನೂ ನಾನೇ ಹೊಡೆದೆ.
ಆ ಸಲದ ಭತ್ತಕ್ಕೆ ಮಾತ್ರ
ಕಟ್ಟಕಡೆಯ ಗದ್ದೆವರೆಗೂ ನೀರು ಹೋಯಿತಂತೆ.
ಕೇಳಿದ್ದು. ಹೋಗಿ ನೋಡಲಿಲ್ಲ.